ರಾಗಿಯ ರಕ್ಷಣಾ ಪ್ರೋಟೀನಿನ ಮೂರು ಆಯಾಮದ ರಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳಲ್ಲಿ ಜೀವರಸಾಯನ, ಬಯೋಟೆಕ್ನಾಲಜಿ ಪ್ರಾಜೆಕ್ಟ್ ಮಾಡುವವರಿಗೂ ಮಾಡಿಸುವವರಿಗೂ ಈ ಪುಟ. ಎಲ್ಲ ಪ್ರೋಟೀನುಗಳ ಬಗ್ಗೆಯೂ ತೇಲಿಸಿ ಹೇಳುವ ಬದಲು ಒಂದನ್ನೇ ಹಿಡಿದುಕೊಂಡಿದ್ದೇವೆ. ಅದು ರಾಗಿ ಕಾಳಿನಲ್ಲಿರುವ ಜೋಡಿ ಪ್ರತಿಬಂಧಕ, ಅಂದರೆ ಎರಡು ಬಗೆಯ ಕಿಣ್ವಗಳನ್ನು ತಡೆಯುವ ಪ್ರೋಟೀನು. ಸಂಶೋಧನಾ ಬರಹಗಳಲ್ಲಿ ಇದರ ಹೆಸರು ಆರ್‌ಬಿಐ (ರಾಗಿ ಬೈಫಂಕ್ಷನಲ್ ಇನ್‌ಹಿಬಿಟರ್). ಗೂಗಲ್ ಮಾಡಿದರೆ ಮೊದಲು ಬ್ಯಾಂಕೇ ಬರುತ್ತದೆ, ಜೊತೆಗೆ ರಾಗಿ ಅಂತಲೂ ಸೇರಿಸಿ ಹುಡುಕಿ.

ಈ ಪ್ರೋಟೀನು ಗಿಡಕ್ಕೆ ಏನು ಮಾಡಿಕೊಡುತ್ತದೆ?

ಕಾಳು ತಿನ್ನಲು ಬಂದ ಹುಳುವಿಗೆ ಪಿಷ್ಟ ಅರಗಿಸಲು ಆಲ್ಫಾ-ಅಮೈಲೇಸ್ ಬೇಕು, ಪ್ರೋಟೀನು ಅರಗಿಸಲು ಟ್ರಿಪ್ಸಿನ್ ಥರದ ಕಿಣ್ವ ಬೇಕು. ಆರ್‌ಬಿಐ ಎರಡಕ್ಕೂ ಅಡ್ಡಗಾಲು ಹಾಕುತ್ತದೆ. ಅದೂ ಒಂದೇ ಸಣ್ಣ ಅಣುವಿನ ಎರಡು ಬೇರೆ ಬೇರೆ ಜಾಗಗಳಿಂದ, ಬೇಕಾದರೆ ಏಕಕಾಲಕ್ಕೆ. ಎರಡೂ ಕೆಲಸ ಮಾಡುವುದು ಒಂದೇ ಪ್ರೋಟೀನು ಎಂದು 1981ರಲ್ಲಿ ತೋರಿಸಿದವರು ಮಣಿಪಾಲದ ಶಿವರಾಜ್ ಮತ್ತು ಪಟ್ಟಾಭಿರಾಮನ್. ಇದರಲ್ಲಿರುವುದು 122 ಅಮೈನೊ ಆಮ್ಲಗಳು, ತೂಕ ಸುಮಾರು 13,100 ಡಾಲ್ಟನ್. ಹತ್ತು ಸಿಸ್ಟೀನ್‌ಗಳು ಸೇರಿ ಐದು ಡೈಸಲ್ಫೈಡ್ (ಗಂಧಕ-ಗಂಧಕ) ಸೇತುವೆಗಳಾಗಿವೆ. ಟ್ರಿಪ್ಸಿನ್ ಕಚ್ಚಿಕೊಳ್ಳುವುದು 34ನೇ ಆರ್ಜಿನೀನ್ ಮತ್ತು 35ನೇ ಲ್ಯೂಸಿನ್ ಇರುವ ಕುಣಿಕೆಯಲ್ಲಿ. ಅಮೈಲೇಸನ್ನು ತಡೆಯುವುದರಲ್ಲಿ ಮುಖ್ಯ ಪಾತ್ರ ಸರಪಳಿಯ ಮೊದಲ ತುದಿಯದು: ಸೆರೀನ್, ವ್ಯಾಲಿನ್, ಗ್ಲೈಸಿನ್, ಥ್ರಿಯೋನಿನ್, ಸೆರೀನ್. ಈ ತುದಿಯನ್ನು ಮುಂದೆ ‘ಬಾಲ’ ಎಂದೇ ಕರೆಯುತ್ತೇವೆ. ಈ ಕೆಲಸದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಬಾಲದಿಂದಲೇ.

ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವುದು ಇದರಿಂದಲೇ ಅಲ್ಲವೇ?

ಪೂರಾ ಇದಕ್ಕೇ ಬರೆದುಕೊಡಬೇಡಿ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಚೆನ್ನಾಗಿ ಒಣಗಿಸಿಟ್ಟರೆ ತೇವ ಕಡಿಮೆ, ಮುಚ್ಚಿದ ಹಗೇವಿನೊಳಗೆ ಆಮ್ಲಜನಕವೂ ಕಡಿಮೆ. ಆರ್‌ಬಿಐ ಹಿಟ್ಟಿನ ಹುಳುವಿನ ಅಮೈಲೇಸನ್ನು ಪ್ರಯೋಗನಳಿಕೆಯಲ್ಲಿ ಬಲವಾಗಿ ತಡೆಯುತ್ತದೆ ಅನ್ನುವುದು ನಿಜ. ಅಲ್ಲಿಂದ ಹಗೇವಿನವರೆಗೆ ಹಾರಿಬಿಡುವ ಪ್ರಾಜೆಕ್ಟ್ ವರದಿಗಳು ಬಹಳ.

ಇದರ ರಚನೆ ಆಗಲೇ ಗೊತ್ತಿದೆಯಲ್ಲ? ಮತ್ತೆ ಯಾಕೆ?

ಹೌದು, ಗೊತ್ತಿದೆ. 1995ರಲ್ಲಿ ದ್ರಾವಣದಲ್ಲಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಓದುವ ವಿಧಾನ) ಮೂಲಕ, 1998ರಲ್ಲಿ ಹಿಟ್ಟಿನ ಹುಳುವಿನ ಅಮೈಲೇಸ್ ಜೊತೆ ಸೇರಿದ ಹರಳಿನಿಂದ, 2000ದಲ್ಲಿ ಒಂಟಿ ಪ್ರೋಟೀನಿನ ಹರಳಿನಿಂದ. ರಚನೆಗಳ ಸಾರ್ವಜನಿಕ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಇವುಗಳ ಸಂಕೇತ ಕ್ರಮವಾಗಿ 1ಬಿಐಪಿ, 1ಟಿಎಂಕ್ಯೂ, 1ಬಿ1ಯು. ಹೊಸದಾಗಿ ಮಾಡಬಹುದಾದದ್ದು ಬೇರೆ ಇದೆ: ನಾಟಿ ತಳಿಗಳಲ್ಲಿ ಒಂದೆರಡು ಅಮೈನೊ ಆಮ್ಲ ಬದಲಾಗಿರುವ ರೂಪಗಳು, ಬೇರೆ ಕೀಟಗಳ ಕಿಣ್ವಗಳ ಜೊತೆಗಿನ ಸಂಕೀರ್ಣಗಳು, ಬಾಲವನ್ನು ಬದಲಿಸಿದ ರೂಪಾಂತರಗಳು. ಮೊದಲ ಸಲ ಕೈ ಹಾಕುವವರಿಗಂತೂ ಉತ್ತರ ಗೊತ್ತಿರುವ ಪ್ರೋಟೀನೇ ವಾಸಿ. ಎಲ್ಲಿ ತಪ್ಪಿತು ಎಂದು ತಾಳೆ ನೋಡಬಹುದು.

ರಾಗಿ ಬಿಟ್ಟು ನಮ್ಮ ಕಡೆಯ ಬೇರೆ ಬೆಳೆ?

ಹುರುಳಿ, ಅವರೆಗಳಲ್ಲಿ ಬೌಮನ್-ಬರ್ಕ್ ಗುಂಪಿನ ಪ್ರತಿಬಂಧಕಗಳಿವೆ. ಸುಮಾರು 8,000 ಡಾಲ್ಟನ್ ತೂಕ, ಏಳು ಡೈಸಲ್ಫೈಡ್, ಬಿಸಿಗೆ ಜಗ್ಗುವುದಿಲ್ಲ. ಆದರೆ ಒಂದೇ ಕಾಳಿನಲ್ಲಿ ಹಲವು ಸೋದರ ರೂಪಗಳು ಬೆರೆತಿರುತ್ತವೆ, ಬೇರ್ಪಡಿಸುವುದು ತಲೆನೋವು. ಹಲಸಿನ ಬೀಜದ ಜಾಕಲಿನ್, ಕಡ್ಲೆಕಾಯಿಯ ಲೆಕ್ಟಿನ್ ಎರಡರ ರಚನೆಯನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ 1990ರ ದಶಕದಲ್ಲಿ ಬಿಡಿಸಿತು. ಎರಡೂ ಸಕ್ಕರೆಗೆ ಅಂಟುವ ಲೆಕ್ಟಿನ್‌ಗಳು, ಸಕ್ಕರೆ ಅಂಟಿಸಿದ ಕಾಲಮ್ಮಿನಲ್ಲಿ ಹಿಡಿಯುವುದು ಸುಲಭ. ಶುದ್ಧೀಕರಣಕ್ಕೆ ಸಮಯವೇ ಇಲ್ಲದವರು ಚೇಳೂರು ಕಡೆಯ ಹಲಸಿನ ಬೀಜ ಹಿಡಿಯಬಹುದು.

ಎಕ್ಸ್-ರೇ, ಎನ್‌ಎಂಆರ್, ಕ್ರಯೋ-ಇಎಂ: ಯಾವುದು ಸರಿ?

ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮರೆತುಬಿಡಿ. 13,000 ಡಾಲ್ಟನ್ ಅಣು ಒಂಟಿಯಾಗಿ ಆ ವಿಧಾನಕ್ಕೆ ತೀರಾ ಚಿಕ್ಕದು. ಎನ್‌ಎಂಆರ್‌ಗೆ ಇದು ಹೇಳಿ ಮಾಡಿಸಿದ ಗಾತ್ರ. ಆದರೆ ಈಗಿನ ಕ್ರಮದಲ್ಲಿ ನೈಟ್ರೋಜನ್-15, ಕಾರ್ಬನ್-13 ಸೇರಿಸಿ ಬೆಳೆಸಿದ ಪ್ರೋಟೀನು ಬೇಕು, ಅಂದರೆ ಬ್ಯಾಕ್ಟೀರಿಯಾದಲ್ಲೇ ತಯಾರಿಸಬೇಕು. ಹೊಲದ ರಾಗಿ ಬರುವುದಿಲ್ಲ. 0.5 ಮಿಲಿಮೋಲಾರ್‌ನಲ್ಲಿ ಅರ್ಧ ಮಿಲಿಲೀಟರ್‌ಗೆ ಸುಮಾರು 3.3 ಮಿಲಿಗ್ರಾಂ ಸಾಕು. ಹೊಲದ ಕಾಳಿನಿಂದಲೇ ಶುರುಮಾಡುವವರಿಗೆ ಉಳಿಯುವುದು ಹರಳು ಮತ್ತು ಎಕ್ಸ್-ರೇ. ಹರಳು ಬೆಳೆಸುವವರೆಗಿನ ಕೆಲಸ ಜಿಲ್ಲಾ ಕೇಂದ್ರದ ಲ್ಯಾಬಿನಲ್ಲೇ ಆಗುತ್ತದೆ, ಎಕ್ಸ್-ರೇ ಬಿದ್ದ ಮೇಲಿನ ಕೆಲಸ ಒಂದು ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ಆಗುತ್ತದೆ. ನಡುವಿನ ಒಂದು ದಿನಕ್ಕೆ ಮಾತ್ರ ಹೊರಗೆ ಹೋಗಬೇಕು.

ಆಲ್ಫಾಫೋಲ್ಡ್ ಐದು ನಿಮಿಷದಲ್ಲಿ ರಚನೆ ಕೊಡುತ್ತದೆ. ಇಷ್ಟೆಲ್ಲ ಯಾಕೆ?

ಹೆಲಿಕ್ಸ್‌ಗಳ (ಸರಪಳಿಯ ಸುರುಳಿಗಳ) ಜೋಡಣೆಗೆ ರಚನೆ ಊಹಿಸುವ ಈ ತಂತ್ರಾಂಶ ಚೆನ್ನಾಗಿಯೇ ಸಾಕು, ಮೊದಲು ಅದನ್ನೇ ಮಾಡಿ. ಆದರೆ ಅದು ಕಲಿತದ್ದೇ ಡೇಟಾ ಬ್ಯಾಂಕಿನ ಹಳೆಯ ರಚನೆಗಳಿಂದ, ಆರ್‌ಬಿಐ ರಚನೆಗಳು 1990ರ ದಶಕದಿಂದಲೇ ಅಲ್ಲಿವೆ. ಹಾಗಾಗಿ ಅದು ಇದನ್ನು ಸರಿಯಾಗಿ ಬಿಡಿಸಿತು ಎನ್ನುವುದರಿಂದ ಹೊಸದೇನೂ ಸಾಬೀತಾಗದು. ಬಾಲದ ಸಂಗತಿ ಬೇರೆ. ಒಂಟಿಯಾಗಿರುವಾಗ ಅದು ತೂಗಾಡುತ್ತಿರುತ್ತದೆ, ಅಮೈಲೇಸ್ ಸಿಕ್ಕಾಗ ಅದರ ಕ್ರಿಯಾಕೇಂದ್ರದೊಳಗೆ ಹೊಕ್ಕು ಸುರುಳಿಯಾಗಿ ನಿಲ್ಲುತ್ತದೆ. ಒಂಟಿ ಅಣುವಿನ ಊಹಾಚಿತ್ರದಲ್ಲಿ ಬಾಲ ಹೇಗೆ ಕಂಡರೂ ಅದರ ವಿಶ್ವಾಸಾಂಕ ನೋಡದೆ ನಂಬಬೇಡಿ. ನೀರಿನ ಅಣುಗಳು, ಅಯಾನುಗಳು, ಒಂದು ಅಮೈನೊ ಆಮ್ಲ ಬದಲಾದಾಗ ಹಿಡಿತ ಎಷ್ಟು ಸಡಿಲವಾಯಿತು ಎನ್ನುವುದು, ಇವಕ್ಕೆ ಪ್ರಯೋಗವೇ ಬೇಕು.

ಅಂಗಡಿಯ ರಾಗಿಹಿಟ್ಟು ಬಳಸಬಹುದೇ?

ಬೇಡ. ಗಿರಣಿಯಲ್ಲಿ ನಿಮ್ಮ ಹಿಂದಿನವರು ಬೀಸಿಸಿದ್ದು ಗೋಧಿಯಾಗಿದ್ದರೆ ಆ ಹಿಟ್ಟು ನಿಮ್ಮದರಲ್ಲಿ ಸೇರಿರುತ್ತದೆ. ಗೋಧಿಯ ಅಮೈಲೇಸ್ ಪ್ರತಿಬಂಧಕಗಳು ಇದೇ ಕುಟುಂಬದವು, ತೂಕವೂ ಹತ್ತಿರ ಹತ್ತಿರ, ಕೊನೆವರೆಗೆ ಬೆನ್ನುಬಿಡವು. ಗಿರಣಿಯ ಕಲ್ಲು ಬಿಸಿಯಾಗುವುದು ಇನ್ನೊಂದು ತೊಂದರೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಪ್ರತಿಬಂಧಕ ಕಡಿಮೆಯಾಗಿರುತ್ತದೆ, ಹುರಿಹಿಟ್ಟಿನಲ್ಲಿ ಪ್ರೋಟೀನು ಬೆಂದಿರುತ್ತದೆ.

ಜಿಪಿಯು-28 ಅಥವಾ ಎಂಎಲ್-365ರಂಥ ಒಂದೇ ತಳಿಯ ಕಾಳು ತನ್ನಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಯಾವ ರೈತರ ಹತ್ತಿರ ಬೆರಕೆಯಿಲ್ಲದ್ದು ಸಿಗುತ್ತದೆ ಎಂದು ಹೇಳುತ್ತಾರೆ. ಬಿತ್ತನೆಗೆಂದು ಔಷಧ ಬೆರೆಸಿದ ಬೀಜ ಮಾತ್ರ ಬೇಡ. ಕಾಳನ್ನು ಫ್ರಿಜ್ಜಿನಲ್ಲಿಟ್ಟು, ತಣ್ಣಗಿನ ಮಿಕ್ಸಿ ಜಾರಿನಲ್ಲಿ 10 ಸೆಕೆಂಡ್ ತಿರುಗಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ತಿರುಗಿಸಿ. ಜಾರು ಕೈಗೆ ಬೆಚ್ಚಗೆ ತಾಗಿದರೆ ನಿಲ್ಲಿಸಿ. ಅರ್ಧ ಕೆಜಿಯಿಂದ ಶುರುಮಾಡಿ. ಕೊನೆಗೆ ಕೈಯಲ್ಲಿ 5ರಿಂದ 10 ಮಿಲಿಗ್ರಾಂ ಶುದ್ಧ ಪ್ರೋಟೀನು ಇಲ್ಲದೆ ಹರಳಿನ ಕೆಲಸಕ್ಕೆ ಕೂರಬೇಡಿ.

ಹೊರತೆಗೆಯುವ ಕ್ರಮ ಹೇಳಿ.

ಬಿಸಿ ಮಾಡುವ ಹಂತ ಬಿಟ್ಟರೆ ಎಲ್ಲವೂ 4 ಡಿಗ್ರಿಯಲ್ಲಿ. ಒಂದು ಪಾಲು ಹಿಟ್ಟಿಗೆ ಐದು ಪಾಲು 0.15 ಮೋಲಾರ್ ಸೋಡಿಯಂ ಕ್ಲೋರೈಡ್, ಜೊತೆಗೆ ಹಿಟ್ಟಿನ ತೂಕದ 2ರಿಂದ 5 ಶೇಕಡಾ ಪಿವಿಪಿಪಿ ಪುಡಿ. ಕೆಂಪು ರಾಗಿಯ ಟ್ಯಾನಿನ್ ಪ್ರೋಟೀನಿಗೆ ಅಂಟುವ ಮೊದಲು ಈ ಪುಡಿ ಅದನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಹಾಕಿದರೆ ಕಂದುಬಣ್ಣ ತಿರುಗುವುದು ತಡವಾಗುತ್ತದೆ. ಎರಡು ಗಂಟೆ ನಿಧಾನ ಕಲಕಿ, 12,000 ಜಿ ವೇಗದಲ್ಲಿ 30 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ದ್ರವ ಚಹಾ ಬಣ್ಣದ್ದಾಗಿದ್ದರೆ ಪಿವಿಪಿಪಿ ಸಾಲಲಿಲ್ಲ ಎಂದೇ ಅರ್ಥ. ಆ ಬಣ್ಣ ಮುಂದೆ ಯಾವ ಕಾಲಮ್ಮಿನಲ್ಲೂ ಪೂರ್ತಿ ಹೋಗುವುದಿಲ್ಲ, ಹೊಸ ಹಿಟ್ಟಿನಿಂದ ಮತ್ತೆ ಮಾಡುವುದೇ ಲೇಸು.

ಎಷ್ಟೋ ಪ್ರೋಟೋಕಾಲ್‌ಗಳಲ್ಲಿ ಡೈಸಲ್ಫೈಡ್ ಒಡೆಯುವ ಡಿಟಿಟಿ ಅಥವಾ ಮರ್ಕ್ಯಾಪ್ಟೋಎಥನಾಲ್ ಹಾಕಿ ಎಂದಿರುತ್ತದೆ. ಇಲ್ಲಿ ಹಾಕಲೇಬಾರದು. ಐದು ಡೈಸಲ್ಫೈಡ್‌ಗಳೇ ಈ ಅಣುವಿನ ಬೆನ್ನೆಲುಬು.

ಐದು ಸೇತುವೆಗಳಿರುವ ಅಣು ಬಿಸಿಯನ್ನು ಸಾಕಷ್ಟು ತಾಳುವುದರಿಂದ, ತಿಳಿ ದ್ರವವನ್ನು 65 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ಬೇರೆ ಪ್ರೋಟೀನುಗಳನ್ನು ಒಡೆದು ಇಳಿಸಬಹುದು. ಮೊದಲು 1 ಮಿಲಿಲೀಟರಿನಲ್ಲಿ ಮಾಡಿ, ಎರಡೂ ಚಟುವಟಿಕೆ ಉಳಿದಿದೆಯೇ ನೋಡಿಯೇ ಪೂರ್ತಿಗೆ ಹೋಗಿ. ಪಿಷ್ಟದ ಕಣ ಉಳಿದಿದ್ದರೆ ಇದೇ ಹಂತದಲ್ಲಿ ಎಲ್ಲ ಗಂಜಿಯಾಗುತ್ತದೆ. ಆಮೇಲೆ ಅಮೋನಿಯಂ ಸಲ್ಫೇಟ್, 60 ಶೇಕಡಾ ಸಂತೃಪ್ತಿಗೆ. 0 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 361 ಗ್ರಾಂ, ಚಿಟಿಕೆ ಚಿಟಿಕೆಯಾಗಿ. ಒಮ್ಮೆಗೇ ಸುರಿದರೆ ನೊರೆ ಎದ್ದು ಬೇಡದ್ದೂ ಬೇಕಾದ್ದೂ ಒಟ್ಟಿಗೆ ಕೂರುತ್ತವೆ. ಕೆಳಗೆ ಕೂತದ್ದನ್ನು 20 ಮಿಲಿಮೋಲಾರ್ ಅಸಿಟೇಟ್, ಪಿಎಚ್ 5ರಲ್ಲಿ ಕರಗಿಸಿ. ಡಯಾಲಿಸಿಸ್ ಚೀಲ 3,500 ಡಾಲ್ಟನ್ ಮಿತಿಯದ್ದಿರಲಿ. ಬೀರುವಿನಲ್ಲಿ ಸಾಮಾನ್ಯವಾಗಿ ಸಿಗುವ 12,000–14,000ದ ಚೀಲದಲ್ಲಿ ನಿಮ್ಮ ಪ್ರೋಟೀನು ರಾತ್ರೋರಾತ್ರಿ ಬಕೆಟ್ಟಿಗೆ ಹೋಗುತ್ತದೆ. ಆ ಪಿಎಚ್‌ನಲ್ಲಿ ಆರ್‌ಬಿಐ ಧನಾತ್ಮಕ, ಆದ್ದರಿಂದ ಕ್ಯಾಟಯಾನ್ ವಿನಿಮಯ ಕಾಲಮ್. 0ಯಿಂದ 0.5 ಮೋಲಾರ್ ಉಪ್ಪಿನ ಏರಿಕೆಯಲ್ಲಿ ಇಳಿಸಿ. ಕೊನೆಗೆ ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್.

ನೀರಿನ ಬಗ್ಗೆ ಇಷ್ಟು ಕಟ್ಟುನಿಟ್ಟು ಬೇಕೇ?

ಬೇಕು. ನಮ್ಮ ಮೂರೂ ಜಿಲ್ಲೆಗಳ ಬೋರ್‌ವೆಲ್ ನೀರು ಗಡಸು, ಪಾವಗಡದಂಥ ಕಡೆ ಫ್ಲೋರೈಡೂ ಹೆಚ್ಚು. ಫಿಲ್ಟರ್ ಸವೆದ ಆರ್‌ಒ ನೀರಿನಲ್ಲಿ ಫಾಸ್ಫೇಟ್ ಬಫರ್ ಮಾಡಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಸಿಗುತ್ತದೆ, ಪ್ರೋಟೀನಿನದ್ದಲ್ಲ. ಮೀಟರ್ 18.2 ಮೆಗಾಓಮ್-ಸೆಂಟಿಮೀಟರ್ ತೋರಿಸಬೇಕು.

ಟ್ರಿಪ್ಸಿನ್, ಅಮೈಲೇಸ್ ಪರೀಕ್ಷೆಯಲ್ಲಿ ಎಲ್ಲ ಫ್ರ್ಯಾಕ್ಷನ್‌ಗಳೂ (ಕಾಲಮ್ಮಿನಿಂದ ಇಳಿದ ಪಾಲುಗಳೂ) ತಡೆಯುತ್ತಿವೆ. ಹೇಗೆ?

ಬಫರಿನದೇ ಕೈವಾಡ. ಹೊರತೆಗೆಯುವಾಗ ಪಿಎಂಎಸ್‌ಎಫ್ ಹಾಕಿದ್ದರೆ ಅದೇ ಟ್ರಿಪ್ಸಿನನ್ನು ಕೊಲ್ಲುತ್ತದೆ. ಇಡಿಟಿಎ ಹಾಕಿದ್ದರೆ ಅದು ಅಮೈಲೇಸಿನ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಟ್ಯಾನಿನ್ ಉಳಿದಿದ್ದರೆ ಅದು ಯಾವ ಕಿಣ್ವವನ್ನೂ ಬಿಡುವುದಿಲ್ಲ. ಪ್ರೋಟೀನಿಲ್ಲದ ಬರೀ ಬಫರನ್ನೂ ಪ್ರತಿ ಸಲ ಪಕ್ಕದಲ್ಲೇ ನಡೆಸಿ.

ಅಮೈಲೇಸ್ ಪರೀಕ್ಷೆಯಲ್ಲಿ ಕಿಣ್ವ ಮತ್ತು ಪ್ರತಿಬಂಧಕವನ್ನು ಮೊದಲು 20–30 ನಿಮಿಷ ಒಟ್ಟಿಗಿಟ್ಟು ಆಮೇಲೆ ಪಿಷ್ಟ ಹಾಕಿ. ಮೂರನ್ನೂ ಒಟ್ಟಿಗೆ ಬೆರೆಸಿದರೆ ಪಿಷ್ಟ ಪೈಪೋಟಿಗೆ ಬಂದು ಪ್ರತಿಬಂಧಕ ದುರ್ಬಲವೆಂದು ತೋರುತ್ತದೆ. ಅಮೈಲೇಸ್ ಪರೀಕ್ಷೆಯ ಡಿಎನ್‌ಎಸ್ ಬಣ್ಣವನ್ನು 540, ಟ್ರಿಪ್ಸಿನ್ ಪರೀಕ್ಷೆಯ ಬಿಎಪಿಎನ್‌ಎ ಬಣ್ಣವನ್ನು 410 ನ್ಯಾನೊಮೀಟರಿನಲ್ಲಿ ಓದಿ.

ಶುದ್ಧವಾಗಿದೆ ಎಂದು ಯಾವಾಗ ನಂಬಬೇಕು?

ಜೆಲ್‌ನಲ್ಲಿ ಒಂದೇ ಪಟ್ಟಿ ಬಂದರೆ ಸಾಲದು. ಮಾಮೂಲು 12 ಶೇಕಡಾ ಜೆಲ್‌ನಲ್ಲಿ 13,000 ಡಾಲ್ಟನ್ ಪ್ರೋಟೀನು ಬಣ್ಣದ ಗೆರೆಯ ಜೊತೆಗೇ ಓಡಿಬಿಡುತ್ತದೆ. 16 ಶೇಕಡಾ ಟ್ರೈಸೀನ್ ಜೆಲ್ ಹಾಕಿ. ರಾಗಿಯಲ್ಲಿ ಇನ್ನೊಂದು ಅಮೈಲೇಸ್ ಪ್ರತಿಬಂಧಕವೂ ಇದೆ. ಲಿಪಿಡ್ ಸಾಗಿಸುವ ಪ್ರೋಟೀನುಗಳ ಕುಟುಂಬದ್ದು, ತೂಕ 9,000 ಡಾಲ್ಟನ್ನಿನ ಆಸುಪಾಸು. ಒಳ್ಳೆಯ ಜೆಲ್ ಇಲ್ಲದಿದ್ದರೆ ಎರಡೂ ಒಂದೇ ಎಂದು ಮೋಸಹೋಗುತ್ತೀರಿ.

ನಮ್ಮ ಮಟ್ಟಿಗೆ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಪರೀಕ್ಷೆ ಎಂದರೆ ಎರಡು ಚಟುವಟಿಕೆಗಳ ಅನುಪಾತ. ಪ್ರತಿ ಹಂತದಲ್ಲೂ ಮಿಲಿಗ್ರಾಂ ಪ್ರೋಟೀನಿಗೆ ಟ್ರಿಪ್ಸಿನ್ ತಡೆ ಎಷ್ಟು, ಅಮೈಲೇಸ್ ತಡೆ ಎಷ್ಟು ಎಂದು ಬರೆದುಕೊಳ್ಳಿ. ಆರಂಭದ ಹಂತಗಳಲ್ಲಿ ಬೇರೆ ಪ್ರತಿಬಂಧಕಗಳೂ ಇರುವುದರಿಂದ ಅನುಪಾತ ಆಚೀಚೆ ಆಗುತ್ತದೆ. ಕೊನೆಯ ಎರಡು ಹಂತಗಳಲ್ಲಿ ಅದು ನಿಲ್ಲಬೇಕು. ಟ್ರಿಪ್ಸಿನ್ ತಡೆ ಹಾಗೇ ಇದ್ದು ಅಮೈಲೇಸ್ ತಡೆ ಮಾತ್ರ ಕುಸಿದರೆ, ಯಾವುದೋ ಪ್ರೋಟಿಯೇಸ್ ಬಾಲವನ್ನು ಕತ್ತರಿಸಿರಬಹುದು. ಜೆಲ್‌ನಲ್ಲಿ ಐದು ಅಮೈನೊ ಆಮ್ಲದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಅನುಮಾನವಿದ್ದರೆ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿ. ಬಾಲ ಹೋದ ಅಣು ಸುಮಾರು 430 ಡಾಲ್ಟನ್ ಹಗುರವಾಗಿ ಕಾಣುತ್ತದೆ.

ಸಾಂದ್ರತೆ ಅಳೆಯುವಾಗ 280 ನ್ಯಾನೊಮೀಟರಿನಲ್ಲಿ 1.0 ಅಂದರೆ 1 ಮಿಲಿಗ್ರಾಂ ಎಂಬ ಲೆಕ್ಕ ಇಲ್ಲಿ ನಡೆಯದು. ಈ ಅಣುವಿನಲ್ಲಿ ಇರುವುದು ಒಂದು ಟ್ರಿಪ್ಟೋಫ್ಯಾನ್, ಎರಡು ಟೈರೋಸಿನ್. ಐದು ಡೈಸಲ್ಫೈಡ್ ಸೇರಿಸಿದರೆ ಮೋಲಾರ್ ಗುಣಾಂಕ ಸುಮಾರು 9,100. ಅಂದರೆ 1 ಮಿಲಿಗ್ರಾಂಗೆ ಬರುವುದು 0.7 ಮಾತ್ರ. 320ರಿಂದ 400ರ ನಡುವೆಯೂ ಹೀರಿಕೆ ಕಂಡರೆ ಟ್ಯಾನಿನ್ ಇನ್ನೂ ಅಂಟಿದೆ.

ರಾಗಿ ಅರೆಯುವ ಬದಲು ಇ. ಕೋಲಿಯಲ್ಲಿ ಮಾಡಿಸಬಹುದೇ?

ಮಾಡಿಸಬಹುದು. ಆದರೆ ಸಾಮಾನ್ಯ ತಳಿಗಳ ಜೀವಕೋಶದೊಳಗೆ ಡೈಸಲ್ಫೈಡ್ ಕಟ್ಟುವುದಿಲ್ಲ, ಪ್ರೋಟೀನು ಉಂಡೆಗಟ್ಟಿ ಕೂರುತ್ತದೆ. ಪೆರಿಪ್ಲಾಸಂಗೆ (ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಜಾಗಕ್ಕೆ) ಕಳಿಸುವ ಸಂಕೇತ ಸೇರಿಸಿ, ಇಲ್ಲವೇ ಒಳಗೇ ಡೈಸಲ್ಫೈಡ್ ಕಟ್ಟುವ ಶಫಲ್‌ನಂಥ ತಳಿ ಬಳಸಿ. ಇನ್ನೊಂದು ಎಚ್ಚರಿಕೆ: ಸರಪಳಿಯ ಮೊದಲ ತುದಿಯಲ್ಲಿ ಹಿಸ್ಟಿಡಿನ್ ಟ್ಯಾಗ್ (ಶುದ್ಧೀಕರಣಕ್ಕೆ ಸೇರಿಸುವ ತುಣುಕು) ಉಳಿಸಿಕೊಂಡರೆ ಬಾಲ ಅಮೈಲೇಸಿನೊಳಗೆ ಹೋಗಲಾರದು. ಟ್ಯಾಗ್ ಕತ್ತರಿಸಲು ಬಳಸುವ ಟಿಇವಿ ಪ್ರೋಟಿಯೇಸ್ ತನ್ನ ಗುರುತಿನ ಕೊನೆಯಲ್ಲಿ ಗ್ಲೈಸಿನ್ ಬದಲು ಸೆರೀನ್ ಇದ್ದರೂ ಕತ್ತರಿಸುತ್ತದೆ. ಆರ್‌ಬಿಐ ಶುರುವಾಗುವುದೂ ಸೆರೀನ್‌ನಿಂದಲೇ. ಹಾಗಾಗಿ ಜೋಡಣೆಯನ್ನು ಸರಿಯಾಗಿ ಬರೆದರೆ ಒಂದು ಅಕ್ಷರವೂ ಹೆಚ್ಚಿಲ್ಲದ ನಿಜವಾದ ಬಾಲ ಸಿಗುತ್ತದೆ.

ಹರಳು ಬೆಳೆಸುವುದು ಹೇಗೆ?

24 ಗುಳಿಯ ತಟ್ಟೆ, ತೂಗು ಹನಿ ವಿಧಾನ. ಗುಳಿಯಲ್ಲಿ 500 ಮೈಕ್ರೋಲೀಟರ್ ದ್ರಾವಣ. ಗಾಜಿನ ಮುಚ್ಚಳದ ಮೇಲೆ 1 ಮೈಕ್ರೋಲೀಟರ್ ಪ್ರೋಟೀನು, 1 ಮೈಕ್ರೋಲೀಟರ್ ಗುಳಿಯ ದ್ರಾವಣ. ಪ್ರೋಟೀನು 10ರಿಂದ 20 ಮಿಲಿಗ್ರಾಂ/ಮಿಲಿಲೀಟರ್, ಬಫರ್ ತೆಳುವಾಗಿ 10 ಮಿಲಿಮೋಲಾರ್ ಟ್ರಿಸ್, ಫಾಸ್ಫೇಟ್ ಬೇಡ. ಹನಿ ಇಡುವ ಮುಂಚೆ ಪ್ರೋಟೀನನ್ನು 10 ನಿಮಿಷ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ. ಮುಚ್ಚಳದ ಸುತ್ತ ಗ್ರೀಸ್ ಎಲ್ಲೂ ಬಿಟ್ಟುಹೋಗಬಾರದು, ಬೇಸಗೆಯಲ್ಲಿ ಕೂದಲೆಳೆ ಸಂದಿದ್ದರೂ ಹನಿ ಒಣಗುತ್ತದೆ.

ಸ್ಕ್ರೀನ್ (ಗುಳಿಗೊಂದು ಬೇರೆ ದ್ರಾವಣವಿರುವ ಪರೀಕ್ಷಾ ತಟ್ಟೆ) ಇಟ್ಟ ವಾರದ ನಂತರ ಅರ್ಧಕ್ಕಿಂತ ಹೆಚ್ಚು ಹನಿ ತಿಳಿಯಾಗಿಯೇ ಇದ್ದರೆ ಸಾಂದ್ರತೆ ಏರಿಸಿ. ಬಹುಪಾಲು ಕೂಡಲೇ ಮಡ್ಡಿಗಟ್ಟಿದರೆ ಅರ್ಧಕ್ಕಿಳಿಸಿ. ಎಲ್ಲಾದರೂ ಸೂಜಿಯಂಥ ಗೊಂಚಲು ಕಂಡರೆ ಆ ದ್ರಾವಣದ ಸುತ್ತಮುತ್ತ ಪಿಇಜಿಯನ್ನು (ಪ್ರೋಟೀನನ್ನು ಹರಳಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್) 2 ಶೇಕಡಾ, ಪಿಎಚ್ ಅನ್ನು 0.3 ಹೆಜ್ಜೆಯಲ್ಲಿ ಬದಲಿಸುತ್ತಾ ಹೋಗಿ.

ನಮ್ಮ ಕಡೆ ನಿಜವಾದ ಶತ್ರು ಕರೆಂಟು. 20 ಡಿಗ್ರಿಯ ಇನ್‌ಕ್ಯುಬೇಟರ್ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ ನಿಂತರೆ ಹನಿಗಳು ಬೆಚ್ಚಗಾಗಿ ಎಳೆ ಹರಳು ಕರಗುತ್ತದೆ, ಕರೆಂಟು ಬಂದಾಗ ನೂರಾರು ಚೂರಾಗಿ ಮತ್ತೆ ಕಟ್ಟುತ್ತದೆ. ಯುಪಿಎಸ್ ಇಲ್ಲದಿದ್ದರೆ ತಟ್ಟೆಗಳನ್ನು ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನೀರಿನ ಬಾಟಲಿಗಳ ನಡುವೆ ಇಟ್ಟು, ಆ ಪೆಟ್ಟಿಗೆಯನ್ನು ಇನ್‌ಕ್ಯುಬೇಟರಿನೊಳಗಿಡಿ.

ಹರಳು ಬಂದಿದೆ. ಉಪ್ಪೋ ಪ್ರೋಟೀನೋ?

ಸೂಜಿಯಿಂದ ಒತ್ತಿ. ಉಪ್ಪು ಟಕ್ಕೆಂದು ಒಡೆಯುತ್ತದೆ, ಪ್ರೋಟೀನು ಮೆತ್ತಗೆ ಪುಡಿಯಾಗುತ್ತದೆ. ಮೆಥಿಲೀನ್ ಬ್ಲೂ ಹಾಕಿದರೆ ಪ್ರೋಟೀನ್ ಹರಳು ನೀಲಿ ಕುಡಿಯುತ್ತದೆ. ಖಾತ್ರಿ ಬೇಕಾದರೆ ನಾಲ್ಕೈದು ಹರಳುಗಳನ್ನು ಗುಳಿಯ ದ್ರಾವಣದಲ್ಲಿ ತೊಳೆದು ಜೆಲ್‌ಗೆ ಹಾಕಿ.

ಎಕ್ಸ್-ರೇ ಎಲ್ಲಿ? ಒಯ್ಯುವುದು ಹೇಗೆ?

ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಲ್ಯಾಬ್ ಎಕ್ಸ್-ರೇ ಯಂತ್ರದಲ್ಲಿ ಮೊದಲ ಪರೀಕ್ಷೆ ಸಾಧ್ಯ. ಸಿಂಕ್ರೋಟ್ರಾನ್ (ಬಹಳ ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಬೇಕೆಂದರೆ ಇಂದೋರಿನ ಇಂಡಸ್-2ರಲ್ಲಿ ಪ್ರೋಟೀನ್ ಹರಳುಗಳಿಗೆಂದೇ ಒಂದು ಬೀಮ್‌ಲೈನ್ ಇದೆ. ತೂಗು ಹನಿ ತಟ್ಟೆಯನ್ನು ಬಸ್ಸಿನಲ್ಲಿ ಒಯ್ಯಬೇಡಿ. ಒಂದೆರಡು ಹಂಪು ಸಾಕು, ಹನಿ ಜಾರಿ ಗುಳಿಗೆ ಬೀಳುತ್ತದೆ. ಹರಳನ್ನು ಇಲ್ಲೇ 20–25 ಶೇಕಡಾ ಗ್ಲಿಸರಾಲ್ ಬೆರೆಸಿದ ಗುಳಿ ದ್ರಾವಣದಲ್ಲಿ ಕೆಲವು ಸೆಕೆಂಡ್ ಅದ್ದಿ, ನೈಲಾನ್ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ಮುಳುಗಿಸಿ ಡ್ರೈ ಶಿಪ್ಪರಿನಲ್ಲಿ ಒಯ್ಯುವುದು ಸುರಕ್ಷಿತ. ಚಿತ್ರದಲ್ಲಿ 3.9, 3.67, 3.44 ಆಂಗ್‌ಸ್ಟ್ರಾಮ್ ಬಳಿ ಉಂಗುರ ಕಂಡರೆ ಮಂಜುಗಡ್ಡೆ ಕಟ್ಟಿದೆ, ಗ್ಲಿಸರಾಲ್ ಸಾಲಲಿಲ್ಲ.

ಎಕ್ಸ್-ರೇ ತಾಗಿದಾಗ ಮೊದಲು ಮುರಿಯುವ ಬಂಧಗಳಲ್ಲಿ ಡೈಸಲ್ಫೈಡ್ ಒಂದು. ಆದ್ದರಿಂದ ಈ ಪ್ರೋಟೀನಿಗೆ ಡೋಸ್ ಕಡಿಮೆಯಿಡಿ. ಎಕ್ಸ್-ರೇ ದತ್ತಾಂಶದಿಂದ ಬರುವ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಗಂಧಕದ ಸೇತುವೆ ತುಂಡಾದಂತೆ ಕಂಡರೆ, ‘ಪ್ರಕೃತಿಯಲ್ಲೇ ಹೀಗಿದೆ’ ಎಂದು ಬರೆಯುವ ಮುನ್ನ ದತ್ತಾಂಶದ ಮೊದಲ ಅರ್ಧದಿಂದಷ್ಟೇ ನಕ್ಷೆ ಮಾಡಿ ನೋಡಿ.

ಫೇಸ್ ಸಮಸ್ಯೆ ಬಗೆಹರಿಸುವುದು?

ಪತ್ತೆಕಾರಕ ತೀವ್ರತೆಯನ್ನಷ್ಟೇ ದಾಖಲಿಸುತ್ತದೆ, ಅಲೆಯ ಫೇಸ್ ಕಳೆದುಹೋಗುತ್ತದೆ. ಇಲ್ಲಿ 1ಬಿ1ಯು ಅಥವಾ ಆಲ್ಫಾಫೋಲ್ಡ್ ಮಾದರಿಯನ್ನು ಇಟ್ಟು ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್ (ಗೊತ್ತಿರುವ ರಚನೆಯಿಂದ ಫೇಸ್ ಎರವಲು ಪಡೆಯುವುದು) ಮಾಡಿದರಾಯಿತು. ಇಡುವ ಮುಂಚೆ ಬಾಲವನ್ನು ಕತ್ತರಿಸಿ ತೆಗೆಯಿರಿ, ಆಗ ಮುಂದೆ ನಕ್ಷೆಯಲ್ಲಿ ಬಾಲ ಕಂಡರೆ ಅದು ನಿಮ್ಮ ದತ್ತಾಂಶದಿಂದಲೇ ಬಂದದ್ದು ಎಂದು ನಂಬಬಹುದು. ಮಾದರಿಯ ಹಂಗೇ ಬೇಡವೆಂದರೆ 122 ಅಮೈನೊ ಆಮ್ಲಕ್ಕೆ 13 ಗಂಧಕದ ಪರಮಾಣುಗಳಿವೆ. ಗಂಧಕದ ಅಸಹಜ ಚದುರುವಿಕೆಯಿಂದ ಬಿಡಿಸಬಹುದು. ಕ್ರ್ಯಾಂಬಿನ್ ಎಂಬ ಬೀಜದ ಪ್ರೋಟೀನನ್ನು ಹೆಂಡ್ರಿಕ್ಸನ್ ಮತ್ತು ಟೀಟರ್ 1981ರಲ್ಲೇ ಹೀಗೆ ಬಿಡಿಸಿದ್ದರು. ಸಂಕೇತ ತೀರಾ ಕ್ಷೀಣವಾದ್ದರಿಂದ ಒಂದೇ ಪ್ರತಿಫಲನವನ್ನು (ಎಕ್ಸ್-ರೇ ಚಿತ್ರದ ಚುಕ್ಕೆಯನ್ನು) ಹತ್ತಾರು ಸಲ ಅಳೆಯಬೇಕಾಗುತ್ತದೆ.

ಮಾದರಿ ಸರಿಯಿದೆ ಎಂದು ಹೇಗೆ ಹೇಳುವುದು?

ಶುರುವಿನಲ್ಲೇ 5 ಶೇಕಡಾ ಪ್ರತಿಫಲನಗಳನ್ನು ಪಕ್ಕಕ್ಕಿಟ್ಟು ಕೊನೆತನಕ ಮುಟ್ಟಬೇಡಿ. ಅವುಗಳಿಂದ ಲೆಕ್ಕಹಾಕಿದ ಆರ್-ಫ್ರೀ, ಮಾದರಿಗೂ ದತ್ತಾಂಶಕ್ಕೂ ಇರುವ ಅಂತರ ಹೇಳುವ ಮಾಮೂಲು ಆರ್ ಅಂಕಕ್ಕಿಂತ 5 ಶೇಕಡಾಕ್ಕೂ ಹೆಚ್ಚು ದೂರ ಸರಿದರೆ ನೀವು ದತ್ತಾಂಶದ ಗದ್ದಲಕ್ಕೆ (ನಾಯ್ಸ್) ಮಾದರಿ ಹೊಂದಿಸುತ್ತಿದ್ದೀರಿ. ಕಂಡ ಕಂಡಲ್ಲಿ ನೀರಿನ ಅಣು ತುಂಬಿಸುವುದು ಇದಕ್ಕೆ ಸಾಮಾನ್ಯ ಕಾರಣ. ಸರಪಳಿಯ ತಿರುವಿನ ಕೋನಗಳನ್ನು ತೋರಿಸುವ ರಾಮಚಂದ್ರನ್ ನಕ್ಷೆಯಲ್ಲಿ ಸುಮಾರು 98 ಶೇಕಡಾ ಅಮೈನೊ ಆಮ್ಲಗಳು ಒಳ್ಳೆಯ ವಲಯದಲ್ಲಿರಲಿ. ಟ್ರಿಪ್ಸಿನ್ ಕುಣಿಕೆಯಲ್ಲಿ ಯಾವುದಾದರೂ ಹೊರಗೆ ಬಿದ್ದರೆ ಬಲವಂತವಾಗಿ ಒಳಗೆ ತಳ್ಳುವ ಮೊದಲು ಸಾಂದ್ರತೆಯ ನಕ್ಷೆ ನೋಡಿ. ಸಾಂದ್ರತೆ ಸ್ಪಷ್ಟವಾಗಿದ್ದರೆ ಹಾಗೇ ಬಿಡಿ.

ಮೊದಲ ಐದು ಅಮೈನೊ ಆಮ್ಲಗಳು ನಕ್ಷೆಯಲ್ಲಿ ಕಾಣುತ್ತಲೇ ಇಲ್ಲ. ಮಾಡಿದ್ದು ವ್ಯರ್ಥವೇ?

ವ್ಯರ್ಥವೇನಲ್ಲ. ಒಂಟಿ ಅಣುವಿನ ಹರಳಿನಲ್ಲಿ ತೂಗಾಡುವ ಭಾಗ ಮಸುಕಾಗುವುದು ಸಹಜ. ಕಾಣದ್ದನ್ನು ಕಟ್ಟಬೇಡಿ, ಹಳೆಯ ರಚನೆಯಲ್ಲಿದೆ ಎಂದು ಅಲ್ಲಿಂದ ನಕಲಿಳಿಸಿ ಕೂರಿಸುವುದಂತೂ ಬೇಡವೇ ಬೇಡ. ಡೇಟಾ ಬ್ಯಾಂಕಿಗೆ ಸಲ್ಲಿಸುವಾಗ ಸರಣಿಯಲ್ಲಿ ಪೂರ್ತಿ 122 ಇರಲಿ, ನಿರ್ದೇಶಾಂಕಗಳಲ್ಲಿ ಕಂಡಷ್ಟೇ ಇರಲಿ. ಆದರೆ ಬಾಲ ತೂಗಾಡುತ್ತಿದೆಯೋ ಕತ್ತರಿಸಿ ಹೋಗಿದೆಯೋ ಎಂದು ನಕ್ಷೆ ಹೇಳಲಾರದು. ಹರಳು ಬೆಳೆದ ಅದೇ ಬ್ಯಾಚಿನ ಪ್ರೋಟೀನಿನಲ್ಲಿ 50 ಮೈಕ್ರೋಲೀಟರನ್ನು ಮೊದಲ ದಿನವೇ ಎತ್ತಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದರೆ ಅದನ್ನು ತೆಗೆದು ಅಮೈಲೇಸ್ ತಡೆ ಮತ್ತು ತೂಕ ಎರಡನ್ನೂ ಅಳೆಯಿರಿ. ಎರಡೂ ಸರಿಯಿದ್ದರೆ ಬಾಲ ಇದೆ, ತೂಗಾಡುತ್ತಿದೆ. ಆಗ ಮುಂದಿನ ಪ್ರಯತ್ನ ಅಮೈಲೇಸ್ ಜೊತೆ ಬೆರೆಸಿ: ಎರಡನ್ನೂ ಹೆಚ್ಚುಕಡಿಮೆ ಸಮ ಮೋಲ್‌ಗಳಲ್ಲಿ, ಪ್ರತಿಬಂಧಕ ಸ್ವಲ್ಪ ಹೆಚ್ಚಿರುವಂತೆ ಸೇರಿಸಿ, ಜೆಲ್ ಫಿಲ್ಟ್ರೇಷನ್‌ನಲ್ಲಿ ಜೋಡಿಯನ್ನು ಬೇರ್ಪಡಿಸಿ, ಹೊಸ ತಟ್ಟೆಯಲ್ಲಿ ಹನಿ ಇಡಿ.